ಮಂಕರಿಯ ಕೆಳಗಿನ ಹೇಂಟೆ

ಜಪದ ಕೋಣೆಗೆ ಬಂದ ಗುರುವಿಗೆ ಕೈಮುಗಿದು ಶಿಷ್ಯ ಕೇಳಿದ: "ಬುದ್ಧಿ, ಕದ ಕಿಟಕಿ ಮುಚ್ಚಿ ಜಪಕ್ಕೆ ಕೂರುತ್ತೇನೆ. ಶಾಂತಿ ಬಂತೇ ಎಂದು ನಡುನಡುವೆ ಮನಸ್ಸನ್ನು ತಡವಿ ನೋಡುತ್ತೇನೆ. ಬಂದಿರುವುದಿಲ್ಲ. ಮಾಲೆ ತೆಗೆದಿಟ್ಟು ಊರಿಗೆ ಹೋಗೋಣ ಅಂತಿದ್ದೇನೆ. ನನ್ನಂಥವನಿಗೆ ಭಗವಂತ ಒಲಿಯುವುದುಂಟೇ?"

ಗುರು ಅವನ ಪಕ್ಕದಲ್ಲೇ ಕೂತು ಹೇಳಿದರು:

ಒಂದೂರಲ್ಲಿ ಒಬ್ಬ ಅತ್ತೆ ಇದ್ದಳು. ಅವಳ ಸೊಸೆ ತವರಿನಿಂದ ಬರುವಾಗ ಒಂದು ಹೇಂಟೆ ತಂದಿದ್ದಳು. ತವರಿನಿಂದ ಜೊತೆಗೆ ಬಂದ ಜೀವ ಅದೊಂದೇ. ಅಲ್ಲಿ ಚೆನ್ನಾಗಿ ಮೊಟ್ಟೆ ಇಡುತ್ತಿದ್ದದ್ದು ಇಲ್ಲಿಗೆ ಬಂದ ಮೇಲೆ ನಿಲ್ಲಿಸಿತು.

ಅತ್ತೆ ಕೆಟ್ಟವಳಲ್ಲ, ಹುಷಾರಿ. ನಾಯಿ ಹಿಡಿದೀತೆಂದು, ಪಕ್ಕದವರ ಹುಲ್ಲಿನಲ್ಲಿ ಮೊಟ್ಟೆ ಇಟ್ಟೀತೆಂದು, ಹೊತ್ತಿರುವಾಗಲೇ ಕೋಳಿಯನ್ನು ಹಿಡಿದು ಒಳಮನೆಯ ಮೂಲೆಯಲ್ಲಿ ಬಿದಿರಿನ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದಳು. ಬೆಳಗ್ಗೆ ಕಸಮುಸುರೆ ಎಲ್ಲ ಮುಗಿದ ಮೇಲೆ ಮಂಕರಿ ತೆಗೆದು ಕೋಳಿಯನ್ನು ಎತ್ತಿ, ಮೊಟ್ಟೆ ಬಂದಿದೆಯೇ ಎಂದು ಹಿಂದೆ ಬೆರಳಿಟ್ಟು ನೋಡುವಳು. ಅದು ಎಲ್ಲ ಮನೆಗಳ ರೂಢಿಯೇ. ಆದರೆ ಇವಳು ಮಧ್ಯಾಹ್ನವೂ ನೋಡುವಳು, ಸಂಜೆಯೂ ನೋಡುವಳು. ಇವಳ ನೆರಳು ಕಂಡರೆ ಕೋಳಿ ಬೇಲಿ ಹಾರುತ್ತಿತ್ತು. ಚಳಿಗಾಲ, ಹಗಲೇ ಗಿಡ್ಡ. ಇದ್ದ ಹಗಲಿನಲ್ಲೂ ಅರ್ಧ ಮಂಕರಿಯ ಪಾಲಾಯಿತು. ಕೋಳಿಯ ಜುಟ್ಟು ಬಿಳಿಚಿಕೊಂಡಿತು.

ಅತ್ತೆ ಬೇಸತ್ತು ಹೇಳಿದಳು: "ಅವರೆ ಕಾಲ ಮುಗಿಯುವುದರೊಳಗೆ ನಿಮ್ಮಪ್ಪ ಬರುತ್ತಾರಲ್ಲ. ಅಷ್ಟರಲ್ಲಿ ಮೊಟ್ಟೆ ಇಡದಿದ್ದರೆ ಇದನ್ನೇ ಸಾರಿಗೆ ಹಾಕುತ್ತೇನೆ."

"ನಮ್ಮಪ್ಪ ಸಾಕಿದ್ದನ್ನು ನಮ್ಮಪ್ಪನಿಗೇ ಬಡಿಸುತ್ತೀರಾ, ಅತ್ತೆ?"

"ಖಾರ ಮುಂದಾಗಿ ಅರೆದರೆ ಗುರುತು ಹತ್ತುವುದಿಲ್ಲ ಬಿಡೆ."

ಸೊಸೆ ನಕ್ಕಳು, ಕಣ್ಣೂ ಒರೆಸಿಕೊಂಡಳು. ಒಂದೇ ಒಂದು ಬೇಡಿದಳು: ಅಪ್ಪ ಬರುವವರೆಗೆ ಕೋಳಿಯನ್ನು ಯಾರೂ ಹಿಡಿಯಕೂಡದು. ಆಮೇಲೆ ಅತ್ತೆ ಏನು ಮಾಡಿದರೂ ತಾನು ತಡೆಯುವುದಿಲ್ಲ ಎಂದಳು. ಅತ್ತೆ ಒಪ್ಪಿದಳು.

ಸೊಸೆ ಹಿತ್ತಿಲ ಮೂಡಣ ಮಗ್ಗುಲಲ್ಲಿ ಹುಲ್ಲು ಹಾಸಿ, ನಾಯಿ ನುಗ್ಗದಂತೆ ಸುತ್ತ ಮುಳ್ಳು ಕಟ್ಟಿದಳು. ಸೂರ್ಯನಿಗೆ ಕೈಮುಗಿಯುವ ಹೊತ್ತಿಗೇ ಮಂಕರಿ ಎತ್ತುವಳು. ಸಂಜೆ ಕೋಳಿ ತಾನಾಗಿ ಬಂದು ಮುದುಡುವವರೆಗೆ ಮುಚ್ಚಳು. ಕಾಳು ಚೆಲ್ಲಿ ದೂರ ಸರಿಯುವಳು. ಎತ್ತಿ ನೋಡುವ ಆಸೆ ಬಂದಾಗ ದೇವರ ಹೆಸರು ಹೇಳಿಕೊಂಡು ನೀರು ಸೇದಲು ಹೋಗುವಳು. ಸಂಕ್ರಾಂತಿ ಕಳೆದು ಹಗಲು ಬೆಳೆಯಿತು. ಜುಟ್ಟಿಗೆ ಕೆಂಪು ತಿರುಗಿತು. ಮೊಟ್ಟೆ ಮಾತ್ರ ಇಲ್ಲ.

ಬೀಗರು ಬಂದೇಬಿಟ್ಟರು. ಅತ್ತೆ ಮಸಾಲೆ ಅರೆದಿಟ್ಟು ಹಿತ್ತಿಲಿಗೆ ನಡೆದಳು. ಸೊಸೆ ತಡೆಯಲಿಲ್ಲ, ಕೊಟ್ಟ ಮಾತು. ಅತ್ತೆ ಬಗ್ಗಿ ಕೈ ಚಾಚಿದಳು. ಕೋಳಿ ಹಾರಲಿಲ್ಲ. ಹುಲ್ಲಿನ ಮೇಲೆ ಮೈ ಹರಡಿ ಕೂತೇ ಇತ್ತು. ಅತ್ತೆಯ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅದು ಎದ್ದು, ರೆಕ್ಕೆ ಕೊಡವಿ, ಕೇರಿಗೆಲ್ಲ ಕೇಳುವಂತೆ ಕೂಗಿತು. ಕೂತ ಜಾಗದಲ್ಲಿ ಬಿಸಿ ಆರದ ಮೊಟ್ಟೆ. ಕೊಡುವವನು ಕೊಟ್ಟಿದ್ದ.

ಅತ್ತೆ ಅದನ್ನು ಸೆರಗಿನಲ್ಲಿ ಹಿಡಿದು ನಡುಮನೆಗೆ ಬಂದಳು.

"ನಮ್ಮ ಕೋಳಿ ಕೂಗಿದ ಹಾಗಿತ್ತು?" ಎಂದರು ಬೀಗರು.

"ನಿಮ್ಮದು ಎಲ್ಲಿಂದ ಬಂತು ಬೀಗರೇ? ಅದು ನಮ್ಮ ಮನೆಯದು," ಎಂದಳು ಅತ್ತೆ, ಸೊಸೆಯ ಕೈ ಹಿಡಿದು.

ಅರೆದ ಮಸಾಲೆ ಅವರೆಕಾಳಿಗೆ ಬಿತ್ತು. ಆ ದಿನ ಆ ಮನೆಯಲ್ಲಿ ಹಬ್ಬ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲನೆ ಕೇಳಿದ: "ಹಾಗಾದರೆ ನಾನು ಇನ್ನೂ ಕಾಯಬೇಕೇ, ಬುದ್ಧಿ?"

ಗುರು ಎದ್ದು ಕೋಣೆಯ ಕಿಟಕಿ ತೆರೆದು ಹೇಳಿದರು:

"ಕಾಯುತ್ತಿರುವವನು ಭಗವಂತ ಕಣಪ್ಪ; ನಿನ್ನೊಳಗೆ ಕೂರಲು ಬಂದಾಗಲೆಲ್ಲ ನೀನೇ ಎತ್ತಿ ಎತ್ತಿ ನೋಡುತ್ತಿದ್ದೀ."