ಎಂಟೆತ್ತಿನ ರಂಟಿಯ ಮಾನಪ್ಪ

ಹದಿನಾರು ಕೊಂಬು, ಮೂವತ್ತೆರಡು ಕಾಲು, ಒಂದೇ ಹಲ್ಲು. ಊರ ಹೊಲವನ್ನೆಲ್ಲ ಅಗೆಯುತ್ತದೆ, ಹೆತ್ತಪ್ಪನ ಹೊಲ ಬಂದರೆ ಮಾತ್ರ ನಿಂತುಬಿಡುತ್ತದೆ. ಏನು ಹೇಳಿ?

ರಂಟಿ ಅಂದವರಿಗೆ ಅರ್ಧ ಅಂಕ. ಹೆತ್ತಪ್ಪ ಯಾರು, ಯಾಕೆ ನಿಲ್ಲುತ್ತದೆ ಅನ್ನುವುದು ನಿಮ್ಮ ಮಾಸ್ತರರಿಗೂ ಬರುವುದಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಬಹಳ ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಮೀಸೆ ಮೂಡದಿದ್ದ ಕಾಲದಲ್ಲಿ, ಎರೆಮಣ್ಣಿನ ಸೀಮೆಯಲ್ಲಿ ಒಂದೂರಿತ್ತು. ಹೆಸರು ಬೇಡ, ಹೇಳಿದವನ ಬೆನ್ನು ಉಳಿಯುವುದಿಲ್ಲ. ಆ ಊರಿಗೆ ಕರಿಕೆ ಹುಲ್ಲು ಹೊಕ್ಕಿತು. ಕರಿಕೆ ಗಣಪ್ಪನ ತಲೆ ಮೇಲಿದ್ದರೆ ಚಂದ, ಹೊಲ ಹೊಕ್ಕರೆ ಮಾರಿ. ಬೇರು ಮೊಳದಾಳ ಇಳಿಯುತ್ತದೆ. ಎರಡೆತ್ತಿನ ನೇಗಿಲು ಹೊಡೆದರೆ ಅದಕ್ಕೆ ಕ್ಷೌರ ಮಾಡಿದಂತೆ, ಅಷ್ಟೇ. ವಾರದೊಳಗೆ ಮತ್ತೆ ತಲೆ ಎತ್ತುತ್ತದೆ.

ಆಗ ಬಡಿಗೇರ ಮಾನಪ್ಪ ರಂಟಿ ಮಾಡಿದ. ನೇಗಿಲು ನೆಲದ ಚರ್ಮ ಕೆರೆಯುತ್ತದೆ, ರಂಟಿ ನೆಲದ ಹೊಟ್ಟೆಗೇ ಇಳಿಯುತ್ತದೆ. ಕರಿಜಾಲಿಯ ಮೈ, ಕಬ್ಬಿಣದ ಹಲ್ಲು, ಎಳೆಯಲು ಎಂಟೆತ್ತು. ಸುಡುಬೇಸಿಗೆಯಲ್ಲಿ ಹೊಡೆದರೆ ಕುರಿಮರಿಯಷ್ಟು ಹೆಂಟೆಗಳು ಏಳುತ್ತಿದ್ದವು, ಕರಿಕೆಯ ಬೇರೆಲ್ಲ ಮೇಲೆ ಬಿದ್ದು ಬಿಸಿಲಿಗೆ ಹುರಿದುಹೋಗುತ್ತಿತ್ತು. ಒಮ್ಮೆ ಹೊಡೆದರೆ ಏಳು ವರ್ಷ ಚಿಂತೆಯಿಲ್ಲ ಅಂತಾರೆ.

ಮಾನಪ್ಪನ ನಿಜವಾದ ವಿದ್ಯೆ ಬೆಣೆಯಲ್ಲಿತ್ತು. ರಂಟಿಯ ಬುಡದಲ್ಲಿ ಬಡಿಯುವ ಆ ಮರದ ತುಂಡು ಹಲ್ಲು ಎಷ್ಟು ಆಳ ಇಳಿಯಬೇಕೆಂದು ನಿರ್ಧರಿಸುತ್ತಿತ್ತು. ಎರೆಮಣ್ಣಿನ ಕೆಳಗೆ ಸುಣ್ಣಗಲ್ಲಿನ ಬಿಳಿ ಗರಸಿದೆ. ಅದು ಮೇಲೆ ಬಂದರೆ ಹೊಲ ಸತ್ತಂತೆ. ಮಾನಪ್ಪ ಹೊಲದಲ್ಲಿ ಹಿಮ್ಮಡಿ ಕುಟ್ಟಿ, ಸದ್ದು ಕೇಳಿ, ಗರಸು ಎಷ್ಟು ಕೆಳಗಿದೆ ಎಂದು ಹೇಳುತ್ತಿದ್ದನಂತೆ. ಮಣ್ಣು ನಾಲಿಗೆಗಿಟ್ಟು ಹೇಳುತ್ತಿದ್ದ ಅಂತಾರೆ ಕೆಲವರು. ಇನ್ನೂ ಕೆಲವರು, ಎರೆಹುಳುವನ್ನು ಕರೆದು ಕೇಳುತ್ತಿದ್ದ ಅಂತಾರೆ. ಅವರು ಅನ್ನಲಿ.

ಈಗ ಕಟ್ಟಳೆ ಕೇಳಿ. ನಾಲ್ಕು ಮನೆಯವರು ಒಂದೊಂದು ಜೋಡಿ ಕಟ್ಟಬೇಕು. ಎತ್ತು ಕಟ್ಟಿದವನಿಗೆ ಸರದಿ ಮೊದಲು, ಎತ್ತಿಲ್ಲದವನಿಗೆ ಕೊನೆಗೆ. ಮಾನಪ್ಪನ ಹತ್ತಿರ ಬಾಚಿ ಇತ್ತು, ಉಳಿ ಇತ್ತು, ಎತ್ತಿರಲಿಲ್ಲ. ಹಳ್ಳದ ದಂಡೆಗೆ ಅವನ ಹಿರಿಯರ ಒಂದು ಪಟ್ಟಿ ಹೊಲವಿತ್ತು. ಎತ್ತಿದ್ದವರ ಹೊಲಗಳು ಒಂದು ಬೇಸಿಗೆಗೆ ಮುಗಿಯುವಷ್ಟಿರಲಿಲ್ಲ. ಅವನ ಸರದಿ ಬರುವ ಹೊತ್ತಿಗೆ ಪ್ರತಿ ವರ್ಷ ಮಳೆ ಬರುತ್ತಿತ್ತು, ರಂಟಿ ನಿಲ್ಲುತ್ತಿತ್ತು. ಬಿತ್ತುವ ಹೊತ್ತಿನ ಎರಡು ಮಿರಗದ ಮಳೆಗೆ ಅವನ ಹೊಲ ಬಿತ್ತದೆ ಬೀಳುಬಿದ್ದಿತು. ಮೂರನೆಯದಕ್ಕೂ ಬೀಳುಬಿದ್ದರೆ ಅದು ಗೌಡರ ವಶಕ್ಕೆ. ಅದೂ ಕಟ್ಟಳೆಯೇ.

ಮೂರನೆಯ ಬೇಸಿಗೆಯಲ್ಲಿ ಮಾನಪ್ಪ ಗೌಡರ ಕಟ್ಟೆ ಮುಂದೆ ನಿಂತ. "ಗೌಡರ, ಈ ಸಲ ಮೊದಲ ನಂದ ಹೊಡೀರಿ. ಒಂದ ದಿನದ್ದು."

ವೀರನಗೌಡ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ: "ಏನ ಕಟ್ಟತಿ ಮಾನಪ್ಪ? ನಿನ್ನ ಬಾಚಿಗೆ ಕೊಂಬ ಅದಾವೇನ?"

ಕಟ್ಟೆಯೆಲ್ಲ ನಕ್ಕಿತು. ಮಾನಪ್ಪನೂ ನಕ್ಕ. ನಗದಿದ್ದರೆ ಸೊಕ್ಕು ಅಂತಾರಲ್ಲ.

ಮನೆಗೆ ಬಂದರೆ ಹೆಂಡತಿ ಕಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬೆಣಿ ನಿಮ್ಮ ಕೈಯಾಗ ಐತಿ. ಬಡೀಬ್ಯಾಡ್ರಿ. ನೋಡೂಣು ಯಾರ ಹೊಲ ಏಳತೈತಿ."

"ಕಸಬಿಗೆ ಸಿಟ್ಟ ಕಲಿಸಬಾರದು" ಅಂದ ಮಾನಪ್ಪ.

"ಹಂಗಾರ ನಿಮ್ಮ ಕಸಬನ್ನ ಕುದಿಸಿ ಉಣ್ರಿ" ಅಂದು ಅವಳು ಮತ್ತೆ ರೊಟ್ಟಿ ಬಡಿದಳು. ಆ ಸದ್ದು ಮೂರು ಓಣಿಗೆ ಕೇಳಿತಂತೆ.

ಮಾನಪ್ಪ ಉಳಿದಿದ್ದ ಎಲ್ಲರ ಹೊಲಕ್ಕೂ ಬೆಣೆ ಬಡಿದ. ಕಡೆಗೆ ಗೌಡರ ಹೊಲ ಬಂತು. ಮರುದಿನ ಮಾನಪ್ಪನ ಸರದಿ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಈ ಸಲ ಆಯಿತು ಅಂದುಕೊಂಡ. ಗೌಡರ ಹೊಲದಲ್ಲಿ ಹಿಮ್ಮಡಿ ಕುಟ್ಟಿ, "ಇಲ್ಲಿ ಗೇಣ ಸಾಕ್ರಿ, ಕೆಳಗ ಗರಸ ಐತಿ" ಎಂದು ಬೆಣೆ ಬಡಿದು ಉಣ್ಣಲು ಬೇವಿನ ನೆರಳಿಗೆ ಹೋದ.

ಗೌಡನಿಗೆ ಗೇಣು ಸಾಲಲಿಲ್ಲ. ಎಲ್ಲರಿಗೆ ಮೊಳ, ಗೌಡನಿಗೆ ಗೇಣೇ? ಸುತ್ತಿಗೆ ತೊಗೊಂಡು ತಾನೇ ಬೆಣೆ ಬಡಿದ. ಎತ್ತು ಕಟ್ಟಿದ ಉಳಿದ ಮೂರು ಮನೆಯವರೂ ಅಲ್ಲೇ ನಿಂತಿದ್ದರು. ಒಬ್ಬನೂ ಬೇಡ ಅನ್ನಲಿಲ್ಲ. ರಂಟಿ ಮೊಳ ಇಳಿಯಿತು, ಕರಿ ಹೊಲದ ಮೇಲೆ ಬಿಳಿ ಗರಸು ಹಿಟ್ಟು ಚೆಲ್ಲಿದ ಹಾಗೆ ಎದ್ದಿತು. ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಎತ್ತುಗಳು ಮೊಣಕಾಲೂರಿದವು, ರಂಟಿಯನ್ನು ನೊಗಕ್ಕೆ ಸೇರಿಸುವ ಉದ್ದನೆಯ ಈಸು ಲಟ್ಟನೆ ಮುರಿಯಿತು.

ಮಾನಪ್ಪ ಎಂಜಲಗೈಯಲ್ಲೇ ಓಡಿ ಬಂದ. ಗೌಡ ಅವನನ್ನೇ ತೋರಿಸಿ, "ಹೊಟ್ಟಿಕಿಚ್ಚಿಗೆ ಬೆಣಿ ತಪ್ಪಿಸಿ ಬಡದಾನ ನೋಡ್ರಿ" ಅಂದ.

ಮಾನಪ್ಪ ಆ ಮೂವರ ಮುಖ ನೋಡಿದ. ಅವರು ಎತ್ತಿನ ಬಾಲ ನೋಡಿದರು. ಬುತ್ತಿಗಂಟು ಹಿಡಿದು ಹಿಂದೆ ಬಂದ ಕಾಳಮ್ಮ ಅಂದಳಂತೆ: "ಎತ್ತಿಗೆ ಮಾತ ಬಂದಿದ್ದರ ಅವಾದ್ರೂ ಖರೆ ಹೇಳತಿದ್ದವು."

ಮೂರು ದಿನದಲ್ಲಿ ಮಾನಪ್ಪ ಹೊಸ ಈಸು ಕೆತ್ತಿ ರಂಟಿ ಎಬ್ಬಿಸಿದ. ಎತ್ತಿದ್ದವರನ್ನು ಎತ್ತು ಕೇಳಿದರೆ ಹೆಗಲು ಹುಣ್ಣಾಗ್ಯಾವು ಅಂದರು. ಬಡಗಣದಲ್ಲಿ ಮೋಡ ಕಟ್ಟುತ್ತಿತ್ತು. ಗಂಡ ಹೆಂಡತಿ ಗುದ್ದಲಿ ಹಿಡಿದು ಕರಿಕೆ ಅಗೆಯಲು ನಿಂತರು. ಅರ್ಧ ಪಟ್ಟಿ ಅಗೆದರು ಅಂತಾರೆ. ಇಲ್ಲ, ಇಬ್ಬರೇ ಹೆಗಲು ಕೊಟ್ಟು ಎಂಟೆತ್ತಿನ ರಂಟಿ ಎಳೆದರು ಅಂತಾರೆ. ಹಾಗೆ ಅನ್ನುವುದು ಅವತ್ತು ಬದುವಿನ ಮೇಲೆ ನಿಂತು ನೋಡಿದವರ ಮೊಮ್ಮಕ್ಕಳು. ಬರೀ ಗುದ್ದಲಿ ಅಂದರೆ ಅಜ್ಜಂದಿರು ಯಾಕೆ ಕೈ ಹಚ್ಚಲಿಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಪವಾಡವಾದರೆ ಬರೀ ನೋಡಿದರೂ ನಡೆಯುತ್ತದೆ.

ಮಿರಗ ಬಂತು. ಅಗೆದ ಅರ್ಧದ ಮೇಲೆ ಉಳಿದರ್ಧದ ಕರಿಕೆ ಹರಿದು ಬಂತು. ಹೊಲ ಹೋಯಿತು. ಮಾನಪ್ಪ ಹತಾರದ ಚೀಲ ಹೆಗಲಿಗೆ ಹಾಕಿದ, ಕಾಳಮ್ಮ ಒಲೆ ಆರಿಸಿದಳು, ಇಬ್ಬರೂ ಊರ ಅಗಸಿಬಾಗಿಲು ದಾಟಿದರು.

ಆಗ ವೀರನಗೌಡ ರುಮಾಲು ಬಿದ್ದದ್ದೂ ಗೊತ್ತಿಲ್ಲದೆ ಕೆಸರಿನಲ್ಲಿ ಓಡಿ ಬಂದ. "ಮಾನಪ್ಪ, ತಪ್ಪಾತೋ! ಬೆಣಿ ಬಡದಾಂವ ನಾನ" ಎಂದು ಕಾಲು ಹಿಡಿದ. ಮಾನಪ್ಪ ಅವನನ್ನೆತ್ತಿ ಊರಿಗೆ ಮರಳಿದ. ಅಂದಿನಿಂದ ಆ ಊರಲ್ಲಿ ರಂಟಿ ಹೊರಬಿದ್ದರೆ ಬೆಣೆಗೆ ಅರಿಸಿನ ಕುಂಕುಮ ಹಚ್ಚುತ್ತಾರೆ, "ಮಾನಪ್ಪನ ಅಳತಿ!" ಎಂದು ಕೂಗುತ್ತಾರೆ, ಮೊದಲ ದಿನ ಎತ್ತಿಲ್ಲದವರ ಹೊಲ ಹೊಡೆಯುತ್ತಾರೆ.

ಚಂದ ಐತಿ ಅಲ್ಲ? ಗೌಡ ಓಡಿ ಬಂದದ್ದು ನಾನು ಸೇರಿಸಿದ್ದು. ಕಾಲು ಹಿಡಿದದ್ದೂ ನನ್ನದೇ, ಮಾನಪ್ಪ ಮರಳಿದ್ದೂ ನನ್ನದೇ. ಅರಿಸಿನ ಹಚ್ಚುವುದು ಖರೆ, ಕೂಗುವುದು ಖರೆ, ಊರಿಗೆ ಊರೇ ಕೂಗುತ್ತದೆ. ಆಮೇಲೆ ಎತ್ತಿದ್ದವರ ಹೊಲಕ್ಕೇ ಮೊದಲು ಹೋಗುತ್ತಾರೆ.