ಬೊಟ್ಟಿಟ್ಟ ಜಾಗ

ಶಿಷ್ಯೆಯೊಬ್ಬಳು ಗುರುಗಳನ್ನು ಕೇಳಿದಳು: “ಅವ್ವ ಹೋಗಿ ವರ್ಷ ಕಳೆಯಿತು. ನೆನೆದು ನೆನೆದು ಇಲ್ಲಿ ಸವೆದುಹೋಗಿದೆ.” ಅವಳು ತನ್ನ ಎದೆಯನ್ನು ಬೊಟ್ಟು ಮಾಡಿ ತೋರಿಸಿದಳು. “ಇದು ವಾಸಿಯಾಗಲು ಏನು ಮಾಡಬೇಕು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಹಳೆಯ ಫೋಟೋ ಮಾಸಿದ್ದರೆ, ಹರಿದಿದ್ದರೆ ಸರಿಪಡಿಸಿಯೂ ಕೊಡುತ್ತಿದ್ದ. ಅವನ ಕೈ ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದು ಅವನಿಗೆ ತುಸು ಹೆಚ್ಚಾಗಿಯೇ ಗೊತ್ತಿತ್ತು.

ಒಂದು ದಿನ ವ್ಯಾಪಾರಿಯೊಬ್ಬ ತೀರಿಕೊಂಡ ತನ್ನ ತಾಯಿಯ ಫೋಟೋ ತಂದ. ಅದರ ಗಾಜು ಒಡೆದು ಎಷ್ಟೋ ಕಾಲವಾಗಿತ್ತು. ಮುಖವೆಲ್ಲ ಸರಿಯಾಗಿಯೇ ಇತ್ತು; ಹಣೆಯ ನಡುವೆ ಮಾತ್ರ ಕಾಗದ ಸವೆದು ಗುಳಿ ಬಿದ್ದಿತ್ತು.

“ಎಲ್ಲ ನಮ್ಮಪ್ಪನ ಕೆಲಸ,” ಎಂದು ವ್ಯಾಪಾರಿ ನಕ್ಕ. “ದಿನಾ ಸ್ನಾನ ಆದ ಕೂಡಲೇ ಒದ್ದೆ ಬೆರಳಲ್ಲಿ ಅವ್ವನಿಗೆ ಕುಂಕುಮ ಇಡ್ತಾರೆ. ಈಗ ಕಣ್ಣೂ ಕಾಣಲ್ಲ, ಆದರೂ ಬಿಡಲ್ಲ. ಅವ್ವನ ಹಣೆ ಸರಿಮಾಡಿ ಗಾಜು ಹಾಕಿಕೊಡಿ. ಇನ್ನಾದರೂ ಹಾಳಾಗದೆ ಇರಲಿ.”

ಕಟ್ಟು ಹಾಕುವವನು ಗುಳಿಗೆ ಕಾಗದ ತುಂಬಿ, ಅಂಟು ಹಚ್ಚಿ, ಮೇಲೆ ಬಣ್ಣ ಸವರಿದ. ಅಂದವಾದ ಬೊಟ್ಟನ್ನೂ ಬರೆದ. ಗಾಜು ಹಾಕಿ, ತನ್ನ ಕೆಲಸಕ್ಕೆ ತಾನೇ ಬೆರಗಾಗಿ, ಖುದ್ದು ಅವರ ಮನೆಗೆ ಒಯ್ದು ಗೋಡೆಗೆ ತೂಗುಹಾಕಿದ. ಹೊಗಳಿಕೆ ಕೇಳುವ ಆಸೆ ಯಾರಿಗಿಲ್ಲ?

ಮುದುಕ ಸ್ನಾನ ಮಾಡಿ ಬಂದು ಗೋಡೆಯತ್ತ ಕೈ ಚಾಚಿದ. ಬೆರಳು ಗಾಜಿನ ಮೇಲೆ ಅತ್ತ ಇತ್ತ ತಡಕಾಡಿತು. ಕುಂಕುಮ ಕೆನ್ನೆಗೆ ತಗುಲಿತು, ಕಟ್ಟಿನ ಅಂಚಿಗೆ ತಗುಲಿತು. ಅವನು ತನ್ನ ಮನೆಯಲ್ಲೇ ದಾರಿ ತಪ್ಪಿದವನ ಹಾಗೆ ನಿಂತುಬಿಟ್ಟ.

“ನಿಮ್ಮವ್ವ ಪುಟ್ಟೀರಮ್ಮ ಎಲ್ಲೋ?” ಎಂದು ಮಗನನ್ನು ಕೇಳಿದ. “ಇದು ಯಾರ ಫೋಟೋ ತಂದು ಹಾಕಿದೀಯ?”

“ಅವ್ವಂದೇ ಅಪ್ಪಾ. ಹೊಸದರ ಹಾಗೆ ಆಗಿದೆ.”

“ಅಲ್ಲ ಕಣೋ. ಅವಳಾಗಿದ್ದರೆ ನನ್ನ ಬೆರಳಿಗೆ ಸಿಗ್ತಿದ್ದಳು.” ಮುದುಕನ ಕಣ್ಣಲ್ಲಿ ನೀರು ಬಂತು.

ಕಟ್ಟು ಹಾಕುವವನು ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಎಂದುಕೊಂಡ. ಅಷ್ಟು ಚೆಂದದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಅದನ್ನು ಕೆಡಿಸಲು ಕೈ ಬರಲಿಲ್ಲ. ಆದರೂ ಫೋಟೋ ಇಳಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತ. ಗಾಜು ಬಿಚ್ಚಿದ. ಒದ್ದೆ ಹತ್ತಿಯಿಂದ ಬಣ್ಣ ಒರೆಸಿ, ತುಂಬಿದ ಕಾಗದವನ್ನು ನೆನೆಸಿ ಮೆಲ್ಲಗೆ ಎತ್ತಿದ. ಹಳೆಯ ಗುಳಿ ಮತ್ತೆ ಕಾಣಿಸಿತು. ಫೋಟೋವನ್ನು ಮುದುಕನ ಮುಂದೆ ಹಿಡಿದ.

ಬೆರಳು ನೇರವಾಗಿ ಹೋಗಿ ಗುಳಿಯಲ್ಲಿ ಕೂತಿತು.

“ಇಲ್ಲೇ ಇದ್ದೀಯಲ್ಲೇ,” ಎಂದ ಮುದುಕ.

ಗುರುಗಳು ಕತೆ ನಿಲ್ಲಿಸಿ ಶಿಷ್ಯೆಯ ಕಡೆ ನೋಡಿದರು. ಅವಳ ಬೆರಳು ಇನ್ನೂ ಎದೆಯ ಮೇಲೇ ಇತ್ತು.

“ಮಗಳೇ, ನೀನು ಬೊಟ್ಟು ಮಾಡಿ ತೋರಿಸಿದ್ದು ಬೊಟ್ಟಿಟ್ಟ ಜಾಗವನ್ನಲ್ಲವೇ?”