ಮುದ್ದವ್ವನ ಮಂಡಿಯ ನೀರುಕುಂಚಗಳು

ಲೋಕ ಇನ್ನೂ ಹಸಿಮಣ್ಣಿನ ವಾಸನೆ ಹೊಡೀತಿದ್ದ ಕಾಲ ಅದು. ಬೆಟ್ಟಗಳು ಇನ್ನೂ ಸರಿಯಾಗಿ ಕೂತೇ ಇರ್ಲಿಲ್ಲ, ಆ ಕಡೆ ಈ ಕಡೆ ಜರುಗಿ ಜಾಗ ಮಾಡ್ಕೊಳ್ತಿದ್ವು. ಆಗ ಮನುಷ್ಯರ ಮಂಡಿಯೊಳಗೆ ಏನೂ ಇರ್ಲಿಲ್ಲ ಗೊತ್ತಾ? ಬರೀ ಮೂಳೆ! ಮೇಲೆ ತೊಡೆಮೂಳೆ, ಕೆಳಗೆ ಕಾಲುಮೂಳೆ, ಅಷ್ಟೇ. ನಡೆದ್ರೆ ಕರಕರ, ಕೂತ್ರೆ ಕಟಕಟ. ಊರಿನವರೆಲ್ಲ ಒಟ್ಟಿಗೆ ಹೊರಟ್ರೆ ಬೀಸೋಕಲ್ಲು ತಿರುಗಿಸ್ದಂಗೆ ಸದ್ದು, ಮರದ ಹಕ್ಕಿಗಳೆಲ್ಲ ಪುರ್ರಂತ ಹಾರಿಹೋಗೋವು!

ಹೊಳೆಯವ್ವನಿಗೆ ಪಾಪ ಅನ್ನಿಸ್ತು. ಅವಳ ತಳದಲ್ಲಿ ಅವಳ ಹೆಣ್ಣುಮಕ್ಕಳು ಇದ್ರು, ನೀರುಕುಂಚಗಳು ಅಂತ. ಎಷ್ಟು ಚಿಕ್ಕೋರು ಅಂದ್ರೆ ಇರುವೆ ಕಣ್ಣಿಗೂ ಕಾಣ್ತಿರ್ಲಿಲ್ಲ. ಆದ್ರೆ ಒಬ್ಬೊಬ್ಬಳಿಗೂ ಮೈತುಂಬ ಕೂದಲು, ಸುಣ್ಣ ಬಳಿಯೋ ಕುಂಚದ ಹಾಗೆ! ಒಂದೊಂದು ಕೂದಲೂ ನೀರನ್ನ ಗಟ್ಟಿಯಾಗಿ ಹಿಡ್ಕೊಳ್ತಿತ್ತು.

"ಹೋಗ್ರವ್ವ, ಆ ಮೂಳೆಗಳ ಮಧ್ಯ ಹಾಸಿಗೆ ಆಗ್ರವ್ವ" ಅಂದ್ಳು ಹೊಳೆಯವ್ವ.

ಎಲ್ಲರೂ ಹೋದ್ರು. ಒಬ್ಬಳನ್ನ ಒಬ್ಬಳು ತಬ್ಬಿಕೊಂಡು ಮಂಡಿಯೊಳಗೆ ಮೆತ್ತಗೆ ಕೂತ್ರು. ಕೂತು ಮನುಷ್ಯರಿಗೆ ಒಂದೇ ಮಾತು ಹೇಳಿದ್ರು. "ತುಳಿದ್ರೆ ನೀರು ಕೊಡ್ತೀವಿ, ಬಿಟ್ರೆ ಕುಡೀತೀವಿ. ಬಿಡೋದನ್ನ ಮಾತ್ರ ಮರೀಬೇಡಿ."

ಕರಕರ ನಿಂತೇಹೋಯ್ತು!

ಆ ಕಾಲದಲ್ಲೇ ಮುದ್ದವ್ವ ಇದ್ದಿದ್ದು. ಅವಳಿಗೆ ನೀಲಿ ಅಂತ ಮಗಳು, ಬೆಟ್ಟದ ಮೇಲಿನ ಮನೇಲಿ ಹೆತ್ತು ಮಲಗಿದ್ಳು. ಬಾಣಂತಿಗೆ ಬಿಸಿನೀರು ಬೇಕು, ಮಗುಗೆ ಸ್ನಾನ ಆಗ್ಬೇಕು, ಬಟ್ಟೆ ಒಗೀಬೇಕು. ಬೆಟ್ಟದ ಮೇಲೆ ನೀರೇ ಇಲ್ಲ! ಅದಕ್ಕೆ ಮುದ್ದವ್ವ ಹೊಳೆಗೆ ಇಳಿದು, ತಲೆ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟು, ಅದರ ಮೇಲೆ ಕೊಡ, ಕೊಡದ ಮೇಲೆ ಕೊಡ, ಅದರ ಮೇಲೂ ಒಂದು ಕೊಡ ಇಟ್ಟು ಹತ್ತೋಳು.

ಅರ್ಧ ದಾರೀಲಿ ಮಂಡಿಯೊಳಗಿಂದ ಸಣ್ಣ ದನಿ. "ಮುದ್ದವ್ವ, ಕೂತ್ಕೊಳ್ಳೇ ಒಂಚೂರು. ತುಳಿದ್ಯಲ್ಲ, ಕೊಟ್ವಿ. ಈಗ ಬಿಡು, ಕುಡೀತೀವಿ."

"ಹೆಂಗ್ರವ್ವ ಕೂರ್ಲಿ? ಹೊಳೇಲಾದ್ರೆ ಯಾರೋ ತಲೆಗೆ ಎತ್ತಿಕೊಡ್ತಾರೆ. ಇಲ್ಲಿ ಕೊಡ ಇಳಿಸಿದ್ರೆ ಮತ್ತೆ ಎತ್ತಿಕೊಡೋರು ಯಾರು?"

ಹೌದಲ್ವಾ! ಒಬ್ಬಳೇ ಹೊರೆ ಇಳಿಸಿದ್ರೆ ಒಬ್ಬಳೇ ಎತ್ತೋಕಾಗಲ್ಲ.

ಗಾಳಿ ಓಡಿ ಬಂತು. "ನಾನು ಎತ್ತಿಕೊಡ್ತೀನಿ!"

"ನೀನಾ ಗಾಳಪ್ಪ? ನೆನ್ನೆ ನನ್ನ ಸೆರಗನ್ನೇ ಬೇಲಿ ಮೇಲೆ ಎಸೆದೋನು ನೀನು!"

ಕಾಗೆ ಬಂತು. "ಅರ್ಧ ನಂಗೆ ಕುಡಿಸವ್ವೋ, ಹಗುರ ಆಗುತ್ತೆ."

"ಥೂ, ಬಾಣಂತಿ ನೀರು ಅದು! ಮುಟ್ಟು ನೋಡೋಣ, ಕೊಕ್ಕು ಮುರೀತೀನಿ!"

ಹಂಗೇ ಹತ್ತಿದ್ಳು. ಮೇಲೆ ಹೋದ್ಮೇಲಾದ್ರೂ ಕೂರಬಹುದಿತ್ತು. ಆದ್ರೆ ಮಗು ಅಳ್ತಿತ್ತು, ಹಂಡೆ ಖಾಲಿಯಾಗ್ತಿತ್ತು, ಮತ್ತೆ ಇಳಿದ್ಳು, ಮತ್ತೆ ಹತ್ತಿದ್ಳು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ.

ತುಳಿದ್ಳು, ಕೊಟ್ರು. ತುಳಿದ್ಳು, ಕೊಟ್ರು. ಬಿಡಲೇ ಇಲ್ಲ, ಕುಡೀಲೇ ಇಲ್ಲ.

ನೀರುಕುಂಚಗಳ ಕೂದಲು ಒಂದೊಂದೇ ಉದುರ್ತು. ಕೂದಲಿಲ್ದೆ ನೀರು ಹಿಡಿಯೋದು ಹೆಂಗೆ? ತಲೆ ಮೇಲೆ ಮೂರು ಕೊಡ ನೀರು ತುಳುಕ್ತಿದೆ, ಮಂಡಿಯೊಳಗೆ ಒಂದು ಹನಿ ಇಲ್ಲ! "ಅವ್ವಾ... ಅವ್ವಾ..." ಅಂತ ಅವರು ಹೊಳೆಯವ್ವನ್ನ ಕೂಗಿದ್ರು. ಹೊಳೆಯವ್ವನಿಗೆ ಕೇಳಿಸ್ತು. ಆದ್ರೆ ಹೊಳೆ ಬೆಟ್ಟ ಹತ್ತುತ್ತಾ? ಬಂಡೆಗೆ ತಲೆ ಚಚ್ಚಿಕೊಂಡು ಅತ್ತಳು, ಅಷ್ಟೇ.

ನೀಲಿ ಎದ್ದು ಓಡಾಡೋ ಹಾಗಾದ್ಳು. "ಅವ್ವ, ನಾಳೆಯಿಂದ ನೀರಿಗೆ ನಾನೇ ಹೋಗ್ತೀನಿ. ಮಗೂನ ಎತ್ಕೊ ಬಾ" ಅಂದ್ಳು.

ಮುದ್ದವ್ವ ನಗ್ತಾ ಏಳೋಕೆ ಹೋದ್ಳು. ಕರ್ ಅಂತು ಮಂಡಿ! ಹಂಗೇ ಕುಸಿದ್ಳು. "ಅವ್ವಾ!" ಅಂತ ಅವಳ ಕಡೆಯಿಂದ ಕೂಗು ಬಂತು.

"ಯಾರನ್ನ ಕರೆದ್ಯೇ? ನಿನ್ನವ್ವ ಸತ್ತು ಎಷ್ಟು ಕಾಲ ಆಯ್ತು" ಅಂದ್ಳು ನೀಲಿ.

"ನಾನಲ್ಲ ಕಣೇ. ಮಂಡಿ ಕರೀತು."

ನೀಲಿ ಎದ್ದು ಬಿದ್ದು ಹೊಳೆಗೆ ಓಡಿದ್ಳು. "ಹೊಳೆಯವ್ವ, ಹೊಳೆಯವ್ವ, ನಿನ್ನ ಇನ್ನೊಂದಷ್ಟು ಮಕ್ಕಳನ್ನ ಕೊಡೇ! ನಮ್ಮವ್ವ ಎದ್ದು ನಡೀಬೇಕು!"

ಹೊಳೆಯವ್ವ ತನ್ನ ತಳವನ್ನೆಲ್ಲ ತಡಕಾಡಿದ್ಳು. ಆಮೇಲೆ ಅಂದ್ಳು, "ಎಲ್ಲರನ್ನೂ ಆವತ್ತೇ ಕಳಿಸಿಬಿಟ್ಟೆ ಕಣವ್ವ. ತಳದಲ್ಲಿ ಈಗ ಬರೀ ಮರಳು. ಹೋದೋರು ಮತ್ತೆ ಬರಲ್ಲ. ಅಲ್ಲೊಬ್ಬಳು ಇಲ್ಲೊಬ್ಬಳು ಉಳಿದಿರ್ತಾಳೆ, ಅವರಿಗಾದ್ರೂ ಕುಡಿಯೋಕೆ ಬಿಡು. ನಿಮ್ಮವ್ವನ್ನ ಒಂಚೂರು ನಡೆಸು, ಒಂಚೂರು ಕೂರಿಸು. ಪೂರ್ತಿ ಮಲಗಿಸ್ಬೇಡ, ಮಲಗಿಸಿದ್ರೂ ಅವರು ಒಣಗ್ತಾರೆ."

ನೀಲಿ ಅಳ್ತಾ ವಾಪಸ್ಸು ಬಂದ್ಳು. ಬರ್ತಾ, ಅವ್ವ ಕೊಡ ಇಳಿಸೋಕಾಗದೇ ಹೋದ ಅರ್ಧ ದಾರೀಲಿ ನಿಂತ್ಳು. ಆಮೇಲೆ ಊರವರನ್ನ ಕರ್ಕೊಂಡು ಬಂದು, ಎರಡು ಉದ್ದ ಕಲ್ಲು ನೆಟ್ಟು, ಮೇಲೆ ಒಂದು ಚಪ್ಪಡಿ ಅಡ್ಡ ಇಡಿಸಿದ್ಳು, ಸರಿಯಾಗಿ ತಲೆ ಎತ್ತರಕ್ಕೆ! ಅಲ್ಲಿ ಹೊರೆ ಜಾರಿಸಿ ಇಡಬಹುದು, ಕೂರಬಹುದು, ಯಾರ ಸಹಾಯವೂ ಇಲ್ದೆ ಮತ್ತೆ ತಲೆಗೆ ತಗೋಬಹುದು. ಅದೇ ಮೊದಲನೇ ಹೊರೆಗಲ್ಲು.

ಮುದ್ದವ್ವನೂ ಒಂದ್ಸಲ ಕೋಲು ಊರ್ಕೊಂಡು, ಕೂತು ಎದ್ದು, ಕೂತು ಎದ್ದು, ಅಲ್ಲಿವರೆಗೂ ಬಂದ್ಳು. ಕಲ್ಲನ್ನ ಸವರಿದ್ಳು. ಕೆಳಗೆ ಹೊಳೆ ಮಿನುಗ್ತಿತ್ತು. ಅಲ್ಲಿಗೆ ಇಳಿಯೋಕೆ ಇನ್ನು ಯಾವತ್ತೂ ಆಗಲ್ಲ ಅಂತ ಅವಳಿಗೆ ಗೊತ್ತಿತ್ತು.

"ಚೆನ್ನಾಗೈತೆ ಕಣೇ. ನೀನು ಹುಟ್ಟೋಕೆ ಮುಂಚೆನೇ ಕಟ್ಟಿಸ್ಬೇಕಿತ್ತು" ಅಂತ ನಕ್ಕಳು.

ನೀಲಿ ನಗಲಿಲ್ಲ. ಅವ್ವನ ಮಂಡಿ ಮೇಲೆ ಕೈಯಿಟ್ಟು ಕೂತಿದ್ಳು.

ಅದಕ್ಕೇ ನೋಡಿ, ಇವತ್ತಿಗೂ ಅಜ್ಜಿ ಜಗಲಿಯಿಂದ ಏಳೋವಾಗ ಮಂಡಿ ಕರ್ ಅನ್ನುತ್ತಲ್ಲ, ಅಲ್ಲಿ ಕೈಯಿಟ್ಟು ಅಜ್ಜಿ "ಅವ್ವಾ" ಅಂತಾರಲ್ಲ, ಅದು ಅಜ್ಜಿ ಕರೆಯೋದಲ್ಲ, ಒಳಗೆ ಉಳಿದಿರೋ ನೀರುಕುಂಚಗಳು ಇನ್ನೂ ಹೊಳೆಯವ್ವನ್ನ ಕರೀತಿರೋದು.